ದ್ವಾದಶಿಗೆಂದು ಇಟ್ಟ ಮಾತ್ರೆ

ಮೊನ್ನೆ ಬೆಳಗ್ಗೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದೆ. ಹತ್ತಿಯ ಎಳೆಯನ್ನು ಅಂಗೈಯಲ್ಲಿ ತಿರುಚಿ ತಟ್ಟೆಗೆ ಹಾಕುತ್ತಿದ್ದಾಗ ಮಂದಾಳ ಫೋನ್ ಬಂತು. ಮಂದಾ ಅಂದರೆ ವಾಶಿಯ ಎಲುಬಿನ ಆಸ್ಪತ್ರೆಯಲ್ಲಿ, ಆಪರೇಷನ್ ಥಿಯೇಟರಿನೊಳಗೆ, ನನ್ನ ಪಕ್ಕದಲ್ಲೇ ನಿಂತು ಸರ್ವಿಸ್ ಮುಗಿಸಿದವಳು. ಈಗ ಕಲ್ಯಾಣಿನಲ್ಲಿ ಮಗಳ ಜೊತೆ ಇದ್ದಾಳೆ. ಹಬ್ಬಕ್ಕೆ ಬಿಟ್ಟರೆ ಅವಳು ಬೆಳಗ್ಗೆ ಫೋನ್ ಮಾಡುವವಳಲ್ಲ.

"ವನಜಾ, ಮೋಠೆ ಡಾಕ್ಟರ್ ಗೇಲೆ ಗ" ಎಂದಳು. ದೊಡ್ಡ ಡಾಕ್ಟರು ಹೋದರು. ನಿದ್ದೆಯಲ್ಲೇ ಅಂತೆ. ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಅಷ್ಟಾದರೂ ದೇವರು ನಡೆಸಿಕೊಟ್ಟ.

ಫೋನ್ ಇಟ್ಟ ಮೇಲೆ ಕೈ ತನ್ನಷ್ಟಕ್ಕೆ ಬತ್ತಿ ಹೊಸೆಯುತ್ತಲೇ ಇತ್ತು. ನನಗೆ ನೆನಪಾದದ್ದು ಡಾಕ್ಟರರ ಮುಖವಲ್ಲ. ಒಂದು ದಿನ ನನ್ನ ಕಡೆಗೆ ಚಾಚಿ, ಹಾಗೇ ಹಿಂದೆ ತೆಗೆದುಕೊಂಡ ಅವರ ಬಲಗೈ.

ನನ್ನ ಅಣ್ಣನ ಮಗಳು ದೀಪ್ತಿ ಈ ವರ್ಷ ನರ್ಸಿಂಗ್ ಮುಗಿಸಿ ಥಾಣೆಯ ಒಂದು ಆಸ್ಪತ್ರೆಯ ಥಿಯೇಟರಿಗೆ ಸೇರಿದ್ದಾಳೆ. ಇಲ್ಲೇ ಹುಟ್ಟಿದವಳು. ಕನ್ನಡ ಕೇಳಿದರೆ ಎಲ್ಲ ತಿಳಿಯುತ್ತದೆ, ಓದಲು ಬರುವುದಿಲ್ಲ, ಉತ್ತರವೂ ಹಿಂದಿಯಲ್ಲೇ. "ಅತ್ತೆ, ಆಪ್ ಲೋಗ್ ಕಾ ಜಮಾನಾ ಕೈಸಾ ಥಾ?" ಎಂದು, ನಿಮ್ಮ ಕಾಲ ಹೇಗಿತ್ತೆಂದು, ಆಗಾಗ ಕೇಳುತ್ತಾಳೆ. ನಾನು ಬಾಯಲ್ಲಿ ಹೇಳಹೊರಟರೆ ನಡುವೆ ಕುಕ್ಕರ್ ಕೂಗುತ್ತದೆ, ಇಲ್ಲದಿದ್ದರೆ ಅವಳ ಮೊಬೈಲು. ಅದಕ್ಕೆ ಬರೆದೇ ಇಡುತ್ತೇನೆ. ಅವಳಿಗೆ ಅವಳ ಅಪ್ಪ ಓದಿ ಹೇಳಲಿ. ನಮ್ಮ ಕಡೆಯಿಂದ ಈ ಕೆಲಸಕ್ಕೆ ಬರುವ ಬೇರೆ ಹುಡುಗಿಯರೂ ಓದಲಿ.

ನಾನು ಡೊಂಬಿವಲಿಯಿಂದ ಥಾಣೆಗೆ, ಥಾಣೆಯಲ್ಲಿ ಗಾಡಿ ಬದಲಿಸಿ ವಾಶಿಗೆ ಹೋಗುತ್ತಿದ್ದವಳು. ಲೇಡೀಸ್ ಡಬ್ಬಿಯಲ್ಲಿ ಕೂರಲಿಕ್ಕೆ ಜಾಗ ಸಿಕ್ಕಿದ ದಿನ ವಿಷ್ಣು ಸಹಸ್ರನಾಮ ಮುಗಿಯುತ್ತಿತ್ತು, ಸಿಗದ ದಿನ ಅರ್ಧಕ್ಕೆ ನಿಲ್ಲುತ್ತಿತ್ತು. ಆಗೆಲ್ಲ ಮೊಣಕಾಲು ಬದಲಾಯಿಸುವುದೆಂದರೆ ರಕ್ತದ ಕೆಲಸ. ಆಪರೇಷನ್ ನಿಗದಿಯಾದ ಕೂಡಲೇ ಮನೆಯವರಿಗೆ ನಾವು ಹೇಳುತ್ತಿದ್ದ ಮೊದಲ ಮಾತು, "ರಕ್ತ ಕೊಡುವವರನ್ನು ಕರೆತನ್ನಿ." ಹೊಟೇಲಿನವರ ತಾಯಿಗೆ ಆಪರೇಷನ್ ಎಂದರೆ ಬೆಳಗ್ಗಿನ ಗಿರಾಕಿ ಮುಗಿಸಿ ಸಪ್ಲಾಯರು, ದೋಸೆ ಹಾಕುವವರು ಸಾಲಾಗಿ ಬರುತ್ತಿದ್ದರು. ರಕ್ತ ತೆಗೆಯುವ ಕೋಣೆಯ ತುಂಬ ಸಾಂಬಾರಿನ ಪರಿಮಳ.

ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿ ಆಪರೇಷನ್ ಮಾಡುತ್ತಾರೆ. ಪಟ್ಟಿ ಇರುವಷ್ಟು ಹೊತ್ತು ರಕ್ತ ಕಾಣುವುದಿಲ್ಲ. ಅದನ್ನು ಸಡಿಲಿಸಿದ ಮೇಲೆ ನಿಜ ಗೊತ್ತಾಗುವುದು. ಹೀರಿಕೊಳ್ಳುವ ಬಾಟಲಿಯಲ್ಲಿ ಎಷ್ಟು ಬಂತು, ಅದರಲ್ಲಿ ತೊಳೆದ ನೀರೆಷ್ಟು, ಒರೆಸಿದ ಬಟ್ಟೆಗಳು ಒಣಗಿದ್ದಾಗ ಎಷ್ಟು ತೂಕ, ಈಗ ಎಷ್ಟು, ಎಲ್ಲ ನಾವೇ ಅಳೆಯಬೇಕು. ದೊಡ್ಡ ಡಾಕ್ಟರಿಗೆ ಅಂದಾಜು ಎಂಬ ಮಾತು ಕೇಳಿದರೆ ಆಗುತ್ತಿರಲಿಲ್ಲ. "ಸಿಸ್ಟರ್, ಅಂದಾಜಿನಲ್ಲಿ ಉಪ್ಪು ಹಾಕಿ. ರಕ್ತ ಅಳೆದು ಹೇಳಿ" ಎನ್ನುತ್ತಿದ್ದರು. ಮಂದಾ ಮಾಸ್ಕಿನ ಒಳಗೆ, "ಇವರ ಮನೆಯ ಪಲ್ಯಕ್ಕೆ ಉಪ್ಪು ಯಾರು ಹಾಕ್ತಾರೋ ಪಾಪ" ಎಂದು ಗೊಣಗುತ್ತಿದ್ದಳು.

ಆಮೇಲೆ ಆ ಔಷಧ ಬಂತು. ಟ್ರಾನೆಕ್ಸಾಮಿಕ್ ಆಸಿಡ್. ಆಸಿಡ್ ಎಂದು ಕೇಳಿ ಮೊದಲ ದಿನ ನನಗೆ ಬಾತ್‌ರೂಮ್ ತೊಳೆಯುವುದೇ ಕಣ್ಣಿಗೆ ಬಂತು. ನೋಡಿದರೆ ಹಳೆಯ ಔಷಧವೇ. ಮುಟ್ಟಿನಲ್ಲಿ ಹೆಚ್ಚು ಹೋಗುವ ಹೆಂಗಸರಿಗೆ ಕೊಡುತ್ತಿದ್ದ ಮಾತ್ರೆ. ಅದು ಹೊಸದಾಗಿ ರಕ್ತ ಹೆಪ್ಪುಗಟ್ಟಿಸುವುದಲ್ಲ. ಗಾಯದಲ್ಲಿ ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ಹಿಡಿದು ನಿಲ್ಲಿಸುತ್ತದೆ. ಮೊಣಕಾಲಿಗೂ ಅದರಿಂದ ಉಪಕಾರವಾಗುತ್ತದೆ ಎಂದಾಗ ದೊಡ್ಡ ಡಾಕ್ಟರು ಮೊದಲು ನಂಬಲಿಲ್ಲ. "ಕಾಲಿನ ನರದಲ್ಲೂ ಹೆಪ್ಪು ಕೂತರೆ?" ಎಂಬ ಹೆದರಿಕೆ ಅವರಿಗೆ. ಕಾಲಿನ ಹೆಪ್ಪು ಎದೆಗೆ ಹತ್ತಿ ತೀರಿಹೋದವರನ್ನು ಅವರು ನೋಡಿದ್ದರು. ಹಾಗಾಗಿ ಕೊಟ್ಟರೂ ಅಳೆದು, ಒಂದು ಮಿತಿಯಲ್ಲೇ ಕೊಡುತ್ತಿದ್ದರು.

ಶುರುವಿನಲ್ಲಿ ಔಷಧವನ್ನು ಮೊಣಕಾಲಿನ ಒಳಗೇ ಸುರಿದು ಹೊಲಿಯುತ್ತಿದ್ದರು. ರಕ್ತ ಹೊರಬರುವ ನಳಿಗೆಗೆ ಸ್ವಲ್ಪ ಹೊತ್ತು ಕ್ಲಿಪ್ ಹಾಕಿ ಮುಚ್ಚಿಡಬೇಕು. ವಾರ್ಡಿಗೆ ಹೊಸದಾಗಿ ಬಂದ ಒಬ್ಬ ಬ್ರದರ್, ಅಂದರೆ ಗಂಡು ನರ್ಸ್, ತಪ್ಪಿ ಮುಚ್ಚಿದ್ದಾರೆ ಎಂದುಕೊಂಡು, ಪೇಷಂಟ್ ಹಾಸಿಗೆಗೆ ಬಂದ ಕೂಡಲೇ ಕ್ಲಿಪ್ ತೆಗೆದುಬಿಟ್ಟ. ಔಷಧವೆಲ್ಲ ನಳಿಗೆಯಲ್ಲಿ ಇಳಿದು ಬಾಟಲಿಗೆ ಬಂತು. ದೊಡ್ಡ ಡಾಕ್ಟರು ಬಾಟಲಿಯನ್ನು ಎತ್ತಿ ಹಿಡಿದು, "ನೋಡಿ, ಬಾಟಲಿಗೆ ಇನ್ನು ರಕ್ತಸ್ರಾವ ಆಗುವುದಿಲ್ಲ" ಎಂದರು. ಅವನು ಪಾಪ ಥ್ಯಾಂಕ್ಯೂ ಸರ್ ಎಂದ. ಅವತ್ತು ನಕ್ಕಷ್ಟು ಮತ್ತೆ ನಾವು ನಕ್ಕಿದ್ದು ಕಡಿಮೆ.

ಆಮೇಲೆ ರಕ್ತನಾಳಕ್ಕೆ ಇಂಜೆಕ್ಷನ್ ಕೊಡುವ ಕ್ರಮ ಬಂತು. ರಕ್ತ ಹೋಗುವುದು ಎಷ್ಟು ಕಡಿಮೆಯಾಯಿತೆಂದರೆ ಹೊಟೇಲಿನವರನ್ನು ಸಾಲಾಗಿ ಕರೆಸುವುದೇ ನಿಂತಿತು. ಆಗ ದೊಡ್ಡ ಡಾಕ್ಟರಿಗೆ ಇನ್ನೊಂದು ಯೋಚನೆ. ಇಂಜೆಕ್ಷನ್ನಿನಷ್ಟೇ ಕೆಲಸ ಮಾತ್ರೆಯೂ ಮಾಡಿದರೆ? ಮಾತ್ರೆ ಅಗ್ಗ. ಸಣ್ಣ ಊರಿನ ಆಸ್ಪತ್ರೆಯಲ್ಲೂ ಸಿಗುತ್ತದೆ. ಎರಡನ್ನೂ ಹೋಲಿಸಿ ನೋಡೋಣ ಎಂದು ಎಲ್ಲ ಒಪ್ಪಿಗೆ ತಂದು ಶುರು ಮಾಡಿದರು. ಒಪ್ಪಿದ ಪೇಷಂಟಿಗೆ ಒಂದು ಮುಚ್ಚಿದ ಲಕೋಟೆ. ಒಳಗೆ ಇಂಜೆಕ್ಷನ್ ಎಂದು ಬರೆದಿದ್ದರೆ ಇಂಜೆಕ್ಷನ್, ಮಾತ್ರೆ ಎಂದಿದ್ದರೆ ಮಾತ್ರೆ. ಡಾಕ್ಟರು ಆರಿಸುವ ಹಾಗಿಲ್ಲ, ಪೇಷಂಟೂ ಆರಿಸುವ ಹಾಗಿಲ್ಲ. ಇಂಜೆಕ್ಷನ್ ಥಿಯೇಟರಿನಲ್ಲಿ ನಮ್ಮ ಕೈಯಿಂದ. ಮಾತ್ರೆ ವಾರ್ಡಿನಲ್ಲಿ, ಆಪರೇಷನ್ನಿಗೆ ಸ್ವಲ್ಪ ಮೊದಲು, ಒಂದು ಗುಟುಕು ನೀರಿನಲ್ಲಿ.

ಆ ಲಕೋಟೆಗಳ ಕಾಲದಲ್ಲೇ ಗಿರಿಜಕ್ಕ ಬಂದದ್ದು.

ಗಿರಿಜಕ್ಕ ನಮ್ಮದೇ ಬಿಲ್ಡಿಂಗಿನ ಮೊದಲ ಮಾಳಿಗೆಯವರು. ಊರು ಉಡುಪಿ ಕಡೆ. ಗಂಡ ತೀರಿಹೋಗಿದ್ದರು. ಒಬ್ಬನೇ ಮಗ ಶ್ರೀಧರ, ಘಣಸೋಲಿಯಲ್ಲಿ ಸಸ್ಯಾಹಾರಿ ಹೊಟೇಲು ನಡೆಸುತ್ತಾನೆ. ಗಿರಿಜಕ್ಕ ನಮ್ಮ ಭಜನಾ ಮಂಡಳಿಗೆ ಗಂಟಲು ಇದ್ದ ಹಾಗೆ. ಆದರೆ ಭಜನೆಯ ಜಾಗ ಡೊಂಬಿವಲಿ ಪಶ್ಚಿಮಕ್ಕೆ ಬದಲಾಯಿತು, ನಾವಿರುವುದು ಪೂರ್ವದಲ್ಲಿ. ನಡುವೆ ಸ್ಟೇಷನ್ನಿನ ಬ್ರಿಜ್. ಅವರ ಎರಡೂ ಮೊಣಕಾಲು ಬಾಗಿ, ಮೆಟ್ಟಿಲನ್ನು ಅಡ್ಡವಾಗಿ ಏಡಿಯ ಹಾಗೆ ಇಳಿಯುತ್ತಿದ್ದರು. ಬ್ರಿಜ್ ಹತ್ತುವುದು ನಿಂತಿತು. ಭಜನೆಯೂ ನಿಂತಿತು. ಶುಕ್ರವಾರ ಸಂಜೆ ನಾವು ಹೊರಟಾಗ ಅವರು ಬಾಲ್ಕನಿಯಲ್ಲಿ ನಿಂತು ಕೈ ಮಾಡುತ್ತಿದ್ದರು. ಅದನ್ನು ನೋಡಲಿಕ್ಕಾಗದೆ ನಾನು ಕೆಲವು ಸಲ ಹಿಂದಿನ ಗೇಟಿನಿಂದ ಹೋಗಿದ್ದುಂಟು.

ಕೊನೆಗೆ ಅವರೇ ಮನಸ್ಸು ಮಾಡಿದರು. ಹೆಚ್ಚು ನೋವಿದ್ದ ಬಲಗಾಲು ಮೊದಲು. ದೊಡ್ಡ ಡಾಕ್ಟರು ಪರೀಕ್ಷೆ ಮಾಡಿ, "ಮಾಂಜೀ, ಇನ್ನು ಮುಂದೆ ನೆಲದಲ್ಲಿ ಕೂರುವ ಹಾಗಿಲ್ಲ" ಎಂದು ಹಿಂದಿಯಲ್ಲಿ ಹೇಳಿದರು. ಗಿರಿಜಕ್ಕ ತಮ್ಮ ಹಿಂದಿಯಲ್ಲಿ, "ನಹೀ ಬೈಠೇಗಾ ಡಾಕ್ಟರ್. ಖಡಾ ರಹೇಗಾ. ಗಾನಾ ತೋ ಖಡಾ ರಹಕೇ ಭೀ ಹೋತಾ ಹೈ" ಎಂದರು. ಕೂರುವುದಿಲ್ಲ, ನಿಲ್ಲುತ್ತೇನೆ, ಹಾಡು ನಿಂತೂ ಆಗುತ್ತದೆ ಎಂದು. ಡಾಕ್ಟರು ನಕ್ಕುಬಿಟ್ಟರು. ಅವರು ನಗುವುದೇ ಅಪರೂಪ.

ಲಕೋಟೆ ಒಡೆದಾಗ ಮಾತ್ರೆ ಎಂದು ಬಂತು. ಶ್ರೀಧರನಿಗೆ ಖುಷಿ. "ಒಳ್ಳೇದಾಯ್ತು ಅಮ್ಮಾ, ನಿಮಗೆ ಸೂಜಿ ಅಂದ್ರೆ ಹೆದರಿಕೆ ಅಲ್ವಾ" ಎಂದ. ಆಪರೇಷನ್ನಿನ ದಿನ ನೋಡಿದರೆ ಏಕಾದಶಿ. ಗಿರಿಜಕ್ಕ ಏಕಾದಶಿಗೆ ನೀರೂ ಮುಟ್ಟದವರು. ಮದುವೆಯಾದಂದಿನಿಂದ ಒಂದೂ ಬಿಟ್ಟದ್ದಿಲ್ಲ. ನಾನೂ ಏಕಾದಶಿ ಮಾಡುತ್ತೇನೆ, ಆದರೆ ನಾನು ಅನ್ನ ಬಿಡುವವಳು, ನೀರು ಬಿಡುವವಳಲ್ಲ. ಹಿಂದಿನ ದಿನ ವಾರ್ಡಿನಲ್ಲಿ ಅವರನ್ನು ಮಾತಾಡಿಸಲು ಹೋದಾಗ ಮುಖ ಅರಳಿತ್ತು.

"ನೋಡು ವನಜಾ, ನಾಳೆ ಬಾಯಿಗೆ ಏನೂ ಹಾಕಬಾರದಂತೆ. ಆಸ್ಪತ್ರೆಯವರೇ ನನ್ನ ಏಕಾದಶಿ ಮಾಡಿಸ್ತಾರೆ. ನಾನು ಯಾರತ್ರವೂ ಜಗಳ ಮಾಡ್ಬೇಕೂಂತ ಇಲ್ಲ. ದೇವರ ದಯೆ ಎಷ್ಟುಂಟು ನೋಡು!"

"ನಿಮ್ಮ ದೇವರು ಡಾಕ್ಟರರ ಡೈರಿಯನ್ನೂ ನೋಡ್ತಾನೆ ಗಿರಿಜಕ್ಕ" ಎಂದೆ ನಾನು. ಪಕ್ಕದ ಹಾಸಿಗೆಯ ಮರಾಠಿ ಅಜ್ಜಿ, ಏನು ಮಾತು ಎಂದು ತಿಳಿಯದಿದ್ದರೂ ನಮ್ಮ ಜೊತೆ ನಕ್ಕರು.

ಮರುದಿನ ಬೆಳಗ್ಗೆ ಅವರನ್ನು ಥಿಯೇಟರಿಗೆ ತಂದರು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವುದರಿಂದ ಪೇಷಂಟಿಗೆ ಎಚ್ಚರ ಇರುತ್ತದೆ. ಹಸಿರು ಪರದೆಯ ಆ ಕಡೆಯಿಂದ ಗಿರಿಜಕ್ಕನ ಸಣ್ಣ ದನಿ ಕೇಳುತ್ತಿತ್ತು. ಕೇಶವ, ನಾರಾಯಣ, ಮಾಧವ. ಈ ಕಡೆ ಸುತ್ತಿಗೆ, ಗರಗಸದ ಸದ್ದು. ಎಲ್ಲ ಸರಿಯಾಗಿಯೇ ನಡೆಯಿತು. ಹೊಸ ಮೊಣಕಾಲು ಚೆಂದಕ್ಕೆ ಕೂತಿತು. ತೊಡೆಯ ಪಟ್ಟಿ ಸಡಿಲಿಸಿದರು.

ಔಷಧ ಹೋದ ಕಾಲಿನಲ್ಲಿ ಆಗ ಅಲ್ಲಲ್ಲಿ ಸಣ್ಣ ಹನಿ ಕಾಣಿಸಿಕೊಂಡು ನಿಲ್ಲುತ್ತದೆ. ನಮಗೆ ಅದು ರೂಢಿಯಾಗಿತ್ತು. ಗಿರಿಜಕ್ಕನ ಕಾಲಿನಲ್ಲಿ ಒರತೆಯ ಹಾಗೆ ಬಂತು. ಒರೆಸಿದಷ್ಟೂ ಬಂತು. ದೊಡ್ಡ ಡಾಕ್ಟರು ತಲೆ ಎತ್ತದೆ ಕೇಳಿದರು, "ಗೋಳಿ ದಿಲೀ ಹೋತೀ ನಾ?" ಮಾತ್ರೆ ಕೊಟ್ಟಿದ್ದರಲ್ಲವೇ? ವಾರ್ಡಿನ ಕಾಗದ ನೋಡಿ ಮಂದಾ, "ಹೋ ಸರ್, ದಿಲೀ" ಎಂದಳು. ಇಂಜೆಕ್ಷನ್ ನನ್ನ ಬದಿಯ ಟ್ರೇಯಲ್ಲೇ ಇತ್ತು. ಮುಂದಿನ ಪೇಷಂಟಿಗೆಂದು ಇಟ್ಟದ್ದು. ಡಾಕ್ಟರು ಅದಕ್ಕಾಗಿ ಬಲಗೈ ಚಾಚಿದರು. ನಾನು ಎತ್ತುವಷ್ಟರಲ್ಲಿ ಆ ಕೈ ಗಾಳಿಯಲ್ಲೇ ನಿಂತಿತು. "ಬೇಡ. ಮಾತ್ರೆ ಪೂರ್ತಿ ಹೋಗಿದೆ. ಮೇಲೆ ಇದೂ ಹೋದರೆ ಹೆಪ್ಪು ಕೂರುತ್ತದೆ" ಎಂದು ಕೈ ಹಿಂದೆ ತೆಗೆದುಕೊಂಡರು.

ಗೊತ್ತಿದ್ದಷ್ಟಕ್ಕೆ ಅದು ಸರಿಯಾದ ತೀರ್ಮಾನವೇ. ರಕ್ತನಾಳಗಳನ್ನು ಸುಟ್ಟು ಮುಚ್ಚಿದರು, ಒತ್ತಿ ಹಿಡಿದರು, ಬಿಗಿಯಾಗಿ ಕಟ್ಟಿದರು. ಪರದೆಯ ಆ ಕಡೆಯಿಂದ ದನಿ ಬಂತು, "ವನಜಾ, ಆಯ್ತಾ?"

"ಆಯ್ತು ಗಿರಿಜಕ್ಕ. ಹೊಸ ಕಾಲು ಬಂತು."

"ಶುಕ್ರವಾರದ ಒಳಗೆ ಆಗ್ತದಾ?" ಎಂದರು. ಭಜನೆಯ ಶುಕ್ರವಾರ.

ಮಧ್ಯಾಹ್ನಕ್ಕೆ ರಕ್ತ ಬೇಕೆಂದು ಹೇಳಿಕಳುಹಿಸಿದರು. ಎಷ್ಟೋ ಕಾಲದ ನಂತರ ಹೊಟೇಲಿನವರು ಮತ್ತೆ ಸಾಲಾಗಿ ಬಂದರು. ಶ್ರೀಧರ ತಾನೇ ಮೊದಲು ಮಲಗಿ ಕೊಟ್ಟ.

ಮರುದಿನ ದ್ವಾದಶಿ. ಬೆಳಗ್ಗೆ ಡ್ಯೂಟಿಗೆ ಹೋದವಳು ಮೊದಲು ಅವರ ಹಾಸಿಗೆಗೆ ಹೋದೆ. ಉಪವಾಸ ಬಿಡುವ ಪಾರಣೆಗೆಂದು ಮನೆಯಿಂದ ತುಳಸಿ ತೀರ್ಥ ಒಯ್ದಿದ್ದೆ. ಮುಖ ಬಿಳುಚಿತ್ತು, ಉಸಿರು ಸಣ್ಣದಾಗಿತ್ತು. ತೀರ್ಥ ಕುಡಿದು, "ನನ್ನ ಸೀರೆ ಎಲ್ಲಿ? ಆ ಸೀರೆ ತಾ ಮಾರಾಯ್ತಿ" ಎಂದರು. ಆಸ್ಪತ್ರೆಯ ಗೌನಿನಲ್ಲಿ ಅವರಿಗೆ ನಾಚಿಕೆ ಎಂದುಕೊಂಡೆ ನಾನು. "ಕಟ್ಟು ಬಿಚ್ಚಿದ ಮೇಲೆ ಉಡುವ ಗಿರಿಜಕ್ಕ" ಎಂದು ಹೊದಿಕೆ ಸರಿಮಾಡಿದೆ. "ಉಡ್ಲಿಕ್ಕಲ್ಲ..." ಎಂದರು. ಅಷ್ಟರಲ್ಲಿ ರೌಂಡಿಗೆ ಡಾಕ್ಟರುಗಳು ಬಂದರು. ನನ್ನನ್ನು ಥಿಯೇಟರಿಗೆ ಕರೆದರು.

ಅದರ ಮರುದಿನ ಬೆಳಗಾಗುವಾಗ ಗಿರಿಜಕ್ಕನ ಹೃದಯ ನಿಂತಿತು. ಮೊದಲೇ ಬಲವಿಲ್ಲದ ಹೃದಯ. ರಕ್ತ ಕಡಿಮೆಯಾದದ್ದಕ್ಕೇ ಹೀಗಾಯಿತೆಂದು ಯಾರೂ ಖಚಿತವಾಗಿ ಹೇಳಲಾರರು ಎಂದರು. ಇದರಿಂದಲ್ಲ ಎಂದೂ ಯಾರೂ ಹೇಳಲಿಲ್ಲ. ಪಾರಣೆಯ ತೀರ್ಥ ಬಾಯಿಗೆ ಬಿದ್ದಿತ್ತು. ನಾನು ಹಿಡಿದುಕೊಂಡದ್ದು ಅದೊಂದನ್ನೇ.

ಅವರ ಸಾಮಾನು ಕಟ್ಟಿಕೊಡಲು ನಾನೇ ನಿಂತೆ. ವಾರ್ಡಿನ ಆಯಾ ಲತಾ ಮಾವಶಿ ಕಪಾಟಿನಿಂದ ಚೀಲ ತಂದಳು. ಆಪರೇಷನ್ನಿಗೆ ಹೋಗುವ ಮೊದಲು ಬಿಚ್ಚಿಟ್ಟ ನೀಲಿ ವಾಯಿಲ್ ಸೀರೆ ಮಡಚುವಾಗ ಸೆರಗಿನ ತುದಿ ಕೈಗೆ ಗಟ್ಟಿಯಾಗಿ ಸಿಕ್ಕಿತು. ಗಂಟು. ಒತ್ತಿದರೆ ಒಳಗೆ ಚರಪರ ಸದ್ದು. ತೆಳು ಬಟ್ಟೆಯ ಒಳಗಿನಿಂದ ಬೆಳ್ಳಿ ಹಾಳೆಯ ಮೂಲೆ ಕಂಡಿತು. ವಾರ್ಡಿನಲ್ಲಿ ಸ್ಟ್ರಿಪ್ಪಿನಿಂದ ಕತ್ತರಿಸಿ ಕೊಡುತ್ತಿದ್ದ ಮಾತ್ರೆಗಳು.

 ಬಿಚ್ಚಿ ನೋಡಬೇಕೆಂದೇ ಇರಲಿಲ್ಲ. ಏಕಾದಶಿಯ ಬೆಳಗ್ಗೆ ಸಿಸ್ಟರು ಬಂದು ಮಾತ್ರೆಯನ್ನೂ ಗುಟುಕು ನೀರನ್ನೂ ಕೊಟ್ಟಿದ್ದಾಳೆ. ಕೊಟ್ಟೆ ಎಂದು ಗುರುತು ಹಾಕಿ ಮುಂದಿನ ಹಾಸಿಗೆಗೆ ಹೋಗಿದ್ದಾಳೆ. ವಾರ್ಡಿನಲ್ಲಿ ಆಗ ನಡೆಯುತ್ತಿದ್ದುದೇ ಹಾಗೆ. ಕೈಗೆ ಕೊಟ್ಟರೆ ಕೊಟ್ಟ ಹಾಗೆ. ಬಾಯಿಗೆ ಏನೂ ಬೇಡ ಎಂದು ಹಿಂದಿನ ದಿನ ಹೇಳಿದವರೂ ಅದೇ ಆಸ್ಪತ್ರೆಯವರು. ಗಿರಿಜಕ್ಕ ಬಿಸಾಡುವವರಲ್ಲ, ಎದುರಾಡುವವರೂ ಅಲ್ಲ. ನಾಳೆ ಪಾರಣೆಯ ನಂತರ ತೆಗೆದುಕೊಂಡರಾಯಿತು ಎಂದು ಕಟ್ಟಿಟ್ಟಿದ್ದಾರೆ. ಮರುದಿನ ಸೀರೆ ಕೇಳಿದ್ದು ಅದಕ್ಕೆ.

ಸೀರೆಯನ್ನು ದೊಡ್ಡ ಡಾಕ್ಟರರ ಕೋಣೆಗೆ ಒಯ್ದೆ. ಮಾತ್ರೆ ಸರಿಯಿಲ್ಲ, ಮಾತ್ರೆಯ ಲಕೋಟೆಗಳನ್ನೇ ನಿಲ್ಲಿಸಿಬಿಡುತ್ತೇನೆ ಎಂದು ಅವರು ಹಿಂದಿನ ದಿನವಷ್ಟೇ ಹೇಳಿದ್ದರು. ನಾನು ಏಕಾದಶಿ ಎಂದರೇನು, ನೀರನ್ನೂ ಬಿಡುವುದು ಹೇಗೆ, ಪಾರಣೆ ಯಾವಾಗ ಎಂದೆಲ್ಲ ಹೇಳಿದೆ. ಅವರು ಗಂಟನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಕೇಳಿದರು.

"ಸಿಸ್ಟರ್, ಅವತ್ತು ನಾನು ಕೈ ಚಾಚಿದ್ದೆ, ಅಲ್ಲವೇ?"

"ಹೌದು ಸರ್."

"ಮತ್ತೆ ನಾನೇ ಹಿಂದೆ ತೆಗೆದುಕೊಂಡೆ."

ನಾನು ಗಂಟು ಬಿಚ್ಚಿ ತೋರಿಸಲು ಕೈ ಹಾಕಿದೆ. 

"ಇದನ್ನು ಬಿಚ್ಚಬೇಡಿ" ಎಂದರು. "ಮಗನೇ ಬಿಚ್ಚಲಿ. ನಿಮ್ಮ ಭಾಷೆಯಲ್ಲಿ ನೀವೇ ಹೇಳಿ. ಆಮೇಲೆ ನನ್ನ ಹತ್ತಿರ ಬರಲು ಹೇಳಿ. ಬೈಯಲಿಕ್ಕಾದರೂ ಬರಲಿ."

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಸಂಜೆ ಸೀರೆ ಹಿಡಿದುಕೊಂಡು ಮೊದಲ ಮಾಳಿಗೆಗೆ ಇಳಿದೆ. ಶ್ರೀಧರ ಒಬ್ಬನೇ ಇದ್ದ. ನಾನು ಕೂರುವ ಮೊದಲೇ ಶುರು ಮಾಡಿದ.

"ವನಜಕ್ಕ, ಆ ಲಕೋಟೆ ಬಂದಾಗ ಒಳ್ಳೇದಾಯ್ತು ಅಂತ ಹೇಳಿದ್ದು ನಾನು. ಇಂಜೆಕ್ಷನ್ ಅಂತ ಬಂದಿದ್ರೆ ಅಮ್ಮ ಇರ್ತಿದ್ರು. ಆ ಮಾತ್ರೆಯಲ್ಲಿ ಎಂತದೂ ಇಲ್ಲ. ಅಮ್ಮನ ಮೇಲೆ ಪರೀಕ್ಷೆ ಮಾಡಿ ನೋಡಿದ್ರು ನಿಮ್ಮ ಡಾಕ್ಟರು. ನಾನು ನೋಡ್ಲಿಕ್ಕೆ ಬಿಟ್ಟೆ."

"ಶ್ರೀಧರಾ, ಅಮ್ಮ ಮಾತ್ರೆ ತೆಗೊಳ್ಳಲಿಲ್ಲ" ಎಂದೆ.

"ಅಂದ್ರೆ? ಈಗ ಅಮ್ಮನ ಮೇಲೆ ಹಾಕ್ತೀರಾ?" ಎದ್ದು ನಿಂತ. "ಆಸ್ಪತ್ರೆಯವರು ಕಳಿಸಿದ್ರಾ ನಿಮ್ಮನ್ನು?"

 ಸೀರೆಯನ್ನು ಅವನ ಕೈಗೆ ಇಟ್ಟೆ. ಸೆರಗಿನ ತುದಿ ಮೇಲೆ ಬರುವ ಹಾಗೆ ಇಟ್ಟೆ.

ಅವನಿಗೆ ಆ ಗಂಟಿನ ಪರಿಚಯ ಉಂಟು. ಗಿರಿಜಕ್ಕ ಎರಡು ಸುತ್ತು ಹಾಕಿ ತುದಿಯನ್ನು ಒಳಗೆ ಸಿಕ್ಕಿಸುತ್ತಿದ್ದರು. ಸಣ್ಣವನಿದ್ದಾಗ ಅವನಿಗೆ ದೇವಸ್ಥಾನದ ಸಕ್ಕರೆ ಬರುತ್ತಿದ್ದುದು ಅದೇ ಗಂಟಿನಿಂದ. ಯಾವ ತುದಿ ಎಳೆದರೆ ಬಿಚ್ಚುತ್ತದೆ ಎಂದು ಬೆರಳಿಗೇ ಗೊತ್ತು. ಎಳೆದ. ಬೆಳ್ಳಿ ಹಾಳೆಯ ತುಂಡುಗಳು, ಒಳಗೆ ಒಡೆಯದ ಮಾತ್ರೆಗಳು. ಅವುಗಳ ಜೊತೆ ಒಣಗಿದ ಒಂದು ತುಳಸಿ ಎಲೆ.

ನಾನೂ ಆ ಎಲೆ ನೋಡಿದ್ದು ಆಗಲೇ.

"ಬಿಸಾಡ್ಲಿಲ್ಲ ಅಲ್ವಾ ಅಕ್ಕಾ" ಎಂದ.

"ಇಲ್ಲ ಮಗಾ. ದ್ವಾದಶಿಗೆ ಅಂತ ಇಟ್ಟದ್ದು."

ಅವನು ಅಳುತ್ತಾನೆ, ಅತ್ತು ಹಗುರಾಗುತ್ತಾನೆ ಎಂದುಕೊಂಡಿದ್ದೆ. ಅಳಲಿಲ್ಲ. ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೇಳಿದ, "ಇದನ್ನು ಯಾಕೆ ತೋರಿಸಿದ್ರಿ? ಡಾಕ್ಟರ ಮೇಲೆ ಸಿಟ್ಟಿತ್ತು, ಅದರಲ್ಲಿ ನನ್ನ ದಿನ ಹೋಗ್ತಿತ್ತು. ಇನ್ನು ಯಾರ ಮೇಲೆ ಸಿಟ್ಟು ಮಾಡ್ಲಿ? ಅಮ್ಮನ ಮೇಲಾ? ದೇವರ ಮೇಲಾ?"

ನಾನು ದಿನಾ ದೇವರಿಗೆ ದೀಪ ಹಚ್ಚುವವಳು.  ಗಿರಿಜಕ್ಕನ ಭಕ್ತಿ ತಪ್ಪು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಅವರಿಗೆ ತಿಳಿಯುವ ಮಾತಿನಲ್ಲಿ ಯಾರಾದರೂ, ಹಿಂದಿನ ದಿನ ಪಕ್ಕದಲ್ಲೇ ನಿಂತು ನಕ್ಕ ನಾನಾದರೂ, ಒಂದು ಸಲ ಕೇಳಿದ್ದರೆ ಸಾಕಿತ್ತು ಎಂಬುದಷ್ಟೇ ಗೊತ್ತು.

ಹೊರಡುವಾಗ, "ದೊಡ್ಡ ಡಾಕ್ಟರು ಒಮ್ಮೆ ಬಾ ಅಂದಿದ್ದಾರೆ" ಎಂದೆ. "ಬರ್ತೇನೆ ಅಂತ ಹೇಳಿ. ಒಂದು ದಿನ ಬರ್ತೇನೆ" ಎಂದ.

ದೀಪ್ತಿ, ಇನ್ನು ಮುಂದಿನದು ನಿನ್ನ ಕೆಲಸಕ್ಕೆ ಬೇಕಾದದ್ದು. ಆ ಹೋಲಿಕೆ ನಿಲ್ಲಲಿಲ್ಲ, ಮುಂದುವರಿಯಿತು. ಕೊನೆಗೆ ಲೆಕ್ಕ ಹಾಕುವಾಗ ಒಬ್ಬ ಚಿಕ್ಕ ಡಾಕ್ಟರು, "ಆ ಡೊಂಬಿವಲಿಯ ಹೆಂಗಸನ್ನು ಮಾತ್ರೆಯ ಗುಂಪಿನಿಂದ ತೆಗೆದುಬಿಡೋಣ ಸರ್, ಅವರು ಮಾತ್ರೆ ತಿಂದೇ ಇಲ್ಲವಲ್ಲ" ಎಂದರು. ದೊಡ್ಡ ಡಾಕ್ಟರು ಒಪ್ಪಲಿಲ್ಲ. "ಲಕೋಟೆಯಲ್ಲಿ ಏನು ಬಂತೋ ಅವರು ಆ ಗುಂಪಿನವರೇ. ಕೊಟ್ಟ ಮಾತ್ರೆಯೆಲ್ಲ ಬಾಯಿಗೆ ಹೋಗುವುದಿಲ್ಲ. ಅದೂ ಮಾತ್ರೆಯ ಗುಣವೇ. ಇಂಜೆಕ್ಷನ್ನನ್ನು ಯಾರೂ ಸೆರಗಿಗೆ ಕಟ್ಟಿಡಲಾರರು" ಎಂದರು. ಹಾಗೆ ಗಿರಿಜಕ್ಕ ಲೆಕ್ಕದಲ್ಲಿ ಉಳಿದರು. ಅದನ್ನು ಕೇಳಿದಾಗ ನನಗೆ ಯಾಕೋ ಸಮಾಧಾನವಾಯಿತು. ಅವರನ್ನು ಅಳಿಸಿಹಾಕಲಿಲ್ಲವಲ್ಲ.

ಅವರನ್ನೂ ಸೇರಿಸಿ ನೋಡಿದರೂ, ನಮ್ಮ ಆಸ್ಪತ್ರೆಯ ಮಟ್ಟಿಗೆ, ಮಾತ್ರೆ ಇಂಜೆಕ್ಷನ್ನಿಗಿಂತ ಹಿಂದೆ ಬೀಳಲಿಲ್ಲ. ಆಮೇಲೆ ಎಷ್ಟೋ ಮಂದಿಗೆ ಮಾತ್ರೆಯೇ ಕೊಟ್ಟೆವು. ಆದರೆ ಕ್ರಮ ಬದಲಾಯಿತು. ಮಾತ್ರೆಯನ್ನು ಸಿಸ್ಟರೇ ಬಾಯಿಗೆ ಹಾಕಬೇಕು, ನುಂಗಿದ್ದು ನೋಡಿಯೇ ಗುರುತು ಹಾಕಬೇಕು. ಅದಕ್ಕೂ ಮೊದಲು, ಹಿಂದಿನ ಸಂಜೆಯೇ, ಪೇಷಂಟಿನ ಭಾಷೆಯಲ್ಲಿ ಒಂದು ಪ್ರಶ್ನೆ: ನಾಳೆ ನಿಮಗೆ ಏನಾದರೂ ಉಪವಾಸ, ವ್ರತ ಇದೆಯೇ?

ಎಷ್ಟು ಉತ್ತರ ಬಂದವು ಗೊತ್ತುಂಟಾ! ಒಬ್ಬರಿಗೆ ಚತುರ್ಥಿ, ಚಂದ್ರ ಕಾಣುವವರೆಗೆ ಏನೂ ಇಲ್ಲ. ಒಬ್ಬರಿಗೆ ರೋಜಾ. ಒಬ್ಬರದು ಗುರುವಾರ. ಒಬ್ಬ ಅಜ್ಜ, "ನನಗೆ ಹೆಂಡತಿ ಊರಿಗೆ ಹೋದ ದಿನವೆಲ್ಲ ಉಪವಾಸ" ಎಂದರು. ಉಪವಾಸ ಇದ್ದವರಿಗೆ ಇಂಜೆಕ್ಷನ್ ಕೊಟ್ಟೆವು, ಇಲ್ಲವೇ ದಿನ ಬದಲಿಸಿದೆವು. ಯಾರ ವ್ರತವನ್ನೂ ಮುರಿಸಲಿಲ್ಲ. ಕೇಳಲಿಕ್ಕೆ ಒಂದು ನಿಮಿಷ ಸಾಕು. ಮಂದಾ ಆ ಪ್ರಶ್ನೆಗೆ ಗಿರಿಜಕ್ಕನ ಪ್ರಶ್ನೆ ಎಂದೇ ಹೆಸರಿಟ್ಟಳು. ಹೊಸ ಹುಡುಗಿಯರು ಯಾರು ಈ ಗಿರಿಜಕ್ಕ ಎಂದು ಕೇಳದೆಯೇ ಹಾಗೆ ಕರೆಯುತ್ತಿದ್ದರು.

ದೊಡ್ಡ ಡಾಕ್ಟರು ನನ್ನನ್ನು ಆಗಾಗ ಕೇಳುತ್ತಿದ್ದರು. ಬೇರೆ ಏನೋ ಮಾತಿನ ನಡುವೆ, ಕೈ ತೊಳೆಯುತ್ತ, "ಆ ಹುಡುಗ ಬರಲಿಲ್ಲ, ಅಲ್ಲವೇ?" ಎಂದು. ನಾನು, "ಬರ್ತಾನೆ ಸರ್" ಎನ್ನುತ್ತಿದ್ದೆ. ನನ್ನ ರಿಟೈರ್‌ಮೆಂಟಿನ ದಿನ ಹಾರ, ಶಾಲು, ಭಾಷಣ ಎಲ್ಲ ಆಯಿತು. ಕೊನೆಗೆ ಲಿಫ್ಟಿನ ತನಕ ಬಂದು ಅವರು ಕೇಳಿದ್ದೂ ಅದನ್ನೇ. ಶ್ರೀಧರನೂ ಕೆಟ್ಟವನಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಅವನೇ ಹೇಳುತ್ತಿದ್ದ, "ಹೋಗ್ಬೇಕು ಅಕ್ಕಾ. ಅವರದ್ದು ತಪ್ಪಿಲ್ಲ ಅಂತ ಹೇಳಿ ಬರ್ಬೇಕು. ಕಾಲು ಏಳೋದಿಲ್ಲ." ಆಮೇಲೆ ಅವನು ಮನೆಯನ್ನೂ ಘಣಸೋಲಿಗೆ ಬದಲಿಸಿದ.

ಮೊನ್ನೆ ಬತ್ತಿಯ ತಟ್ಟೆ ಪಕ್ಕಕ್ಕೆ ಸರಿಸಿ ಅವನಿಗೇ ಫೋನ್ ಮಾಡಿದೆ. ಹಿಂದೆ ಗಾಡಿಗಳ ಸದ್ದು ಕೇಳುತ್ತಿತ್ತು.

"ಶ್ರೀಧರಾ, ದೊಡ್ಡ ಡಾಕ್ಟರು..."

"ಗೊತ್ತಾಯ್ತು ವನಜಕ್ಕ. ಹೊಟೇಲಿಗೆ ಬರುವ ಒಬ್ಬರು ಹೇಳಿದ್ರು. ಅವರ ಮನೆಯ ಕೆಳಗೇ ಇದ್ದೇನೆ. ಸಾವಾದ ಮನೆ, ಒಲೆ ಹಚ್ಚುವುದಿಲ್ಲ ಅಲ್ವಾ. ಉಪ್ಪಿಟ್ಟು, ಚಹಾ ಮಾಡಿಸಿ ತಂದೆ."

"ಒಳಗೆ ಹೋದೆಯಾ? ಮುಖ ನೋಡಿದೆಯಾ?"



"ಇಲ್ಲ ಅಕ್ಕಾ. ವಾಚ್‌ಮನ್ ಕೈಯಲ್ಲಿ ಮೇಲೆ ಕಳಿಸಿದೆ. ಯಾರು ಕೊಟ್ಟದ್ದು ಅಂತ ಅವನು ಕೇಳಿದ. ನಾನು ಎಂತ ಹೇಳ್ಲಿ? ಡೊಂಬಿವಲಿಯ ಗಿರಿಜಮ್ಮನ ಮಗ ಅಂದೆ. ಆ ಮನೆಯಲ್ಲಿ ಅದು ಇನ್ನು ಯಾರಿಗೆ ಗೊತ್ತಾಗ್ತದೆ?"

ಗೊತ್ತಾಗಬೇಕಾದವರು ಒಬ್ಬರೇ. ಅವರು ಕೇಳುವ ಹಾಗಿರಲಿಲ್ಲ. ಆದರೂ ಆ ಹೆಸರು ಅವರ ಬಾಗಿಲಿನ ತನಕ ಹೋಯಿತು. ನಾನು ಅಷ್ಟನ್ನು ಲೆಕ್ಕಕ್ಕೆ ಇಟ್ಟುಕೊಂಡೆ. "ಮನೆಗೆ ಹೋಗು ಮಗಾ, ಏನಾದರೂ ತಿನ್ನು" ಎಂದೆ. 

ಹೊಸೆದ ಬತ್ತಿಯಲ್ಲಿ ಒಂದನ್ನು ಡಾಕ್ಟರರ ಹೆಸರಿನಲ್ಲಿ ಹಚ್ಚಿದೆ. ನಳ್ಳಿಯ ನೀರು ಹೋಗುವ ಹೊತ್ತಾಗುತ್ತ ಬಂದಿತ್ತು, ಬಟ್ಟೆ ಹಾಗೇ ಬಿದ್ದಿತ್ತು. ನಮ್ಮ ಜೊತೆಗೇ ಇರುವ ನನ್ನ ಅತ್ತೆಯ, ಗಂಡನ ತಾಯಿಯ, ಸೀರೆಯನ್ನು ಮೆಷಿನ್ನಿಗೆ ಹಾಕುವ ಮೊದಲು, ಎಂದಿನ ಹಾಗೆ, ಸೆರಗಿನ ತುದಿ ಮುಟ್ಟಿ ನೋಡಿದೆ. ಗಂಟಿತ್ತು. ಬಿಚ್ಚಿದೆ. ಎರಡು ಏಲಕ್ಕಿ. ಅವನ್ನು ಅತ್ತೆಯ ಕೈಗೆ ಕೊಟ್ಟು ಬಂದು, ಸೀರೆ ಒಳಗೆ ಹಾಕಿ ನೀರು ಬಿಟ್ಟೆ.